ಕೋಣೆ ಬದಲಾಗಿದೆ

ಹಲ್ ಎಂಬ ಊರಿನ ಈ ಆಸ್ಪತ್ರೆಯಲ್ಲಿ
ದೇವರಿಗೊಂದು ಕೋಣೆಯಿತ್ತು, ಎರಡನೆಯ ಮಹಡಿ,
ಎಕ್ಸ್‌ರೇ ದಾಟಿ ಎಡಕ್ಕೆ.
ಯಾವ ದೇವರಿಗೆ ಎಂದು ಬರೆದಿರಲಿಲ್ಲ.
ಕಿಟಕಿಯಿಲ್ಲ. ದೀಪ ಹಚ್ಚುವಂತಿಲ್ಲ,
ಹೊಗೆ ಕಂಡರೆ ಛಾವಣಿಯೇ ಅರಚುತ್ತದೆ.
ಒಂದು ಕಪಾಟು, ಅದರಲ್ಲಿ ಬೈಬಲ್ಲು,
ಸುರುಳಿ ಸುತ್ತಿದ ಜಾನಮಾಜು,
ಯಾರೋ ಬಿಟ್ಟುಹೋದ, ಸೊಂಡಿಲು ಮುಕ್ಕಾದ ಗಣಪ,
ಬ್ಯಾಟರಿಯ ಮೇಣದಬತ್ತಿ ಮೂರು.
ಛಾವಣಿಗೆ ಅಂಟಿಸಿದ ಹಸಿರು ಬಾಣ ಮಕ್ಕಾದ ಕಡೆಗೆ;
ಅದೇ ಕಡೆಗೆ, ಗೋಡೆಯಾಚೆ, ರಕ್ತಪರೀಕ್ಷೆಯ ಕೌಂಟರು.

ರಾತ್ರಿ ಪಾಳಿ ನನ್ನದು.
ಮೂರು ಗಂಟೆಗೆ ಗುಡಿಸಲು ಹೋದರೆ
ಕಾರ್ಪೆಟ್ಟೇ ಹೇಳುತ್ತಿತ್ತು ಯಾರು ಬಂದಿದ್ದರೆಂದು.
ಬಾಣದ ಕೆಳಗೆ ಎರಡು ಮಂಡಿ, ಒಂದು ಹಣೆ ಸವೆಸಿದ ಗುರುತು
ಕ್ಷೌರದಂಗಡಿಯ ಶೇರ್‌ಜಾದನದು,
ಅವನ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು ನಲವತ್ತು ದಿನ.
ಗೋಡೆಯ ಬದಿಯ ಕುಳಿ ಗ್ರಾಜಿನಾಳದು,
ಮೀನಿನ ಕಾರ್ಖಾನೆಯ ವಾಸನೆ ಅವಳ ಜಪಮಾಲೆಗೂ.
ನಾನು ಅಲ್ಲಿ ಕೈಮುಗಿದವಳಲ್ಲ.
ಬೂಟು ಹೊರಗೆ ಬಿಡುತ್ತಿದ್ದೆ, ಅಷ್ಟೆ.

ಬಾಗಿಲ ಬಳಿ ಗೆರೆ ಎಳೆದ ಒಂದು ನೋಟ್‌ಬುಕ್ಕು.
"ಹದಿನಾಲ್ಕನೆಯ ಮಂಚ. ದಯವಿಟ್ಟು."
ಅದರ ಕೆಳಗೆ ಬೇರೆ ಕೈ:
"ಪಾರ್ಕಿಂಗಿಗೆ ಚಿಲ್ಲರೆ ಮುಗಿಯಿತು, ನಾಳೆ ಬರುತ್ತೇನೆ."

ಮಾರ್ಚ್ ತಿಂಗಳಲ್ಲಿ ಚೀಟಿ ಅಂಟಿಸಿದರು: ಕೋಣೆ ಬದಲಾಗಿದೆ.
ಕಪಾಟನ್ನು ಇಬ್ಬರು ಹೊತ್ತರು,
ಗಣಪ ಒಬ್ಬನ ಅಂಗಿಯ ಕಿಸೆಯಲ್ಲಿ ಹೋದ.
ಹೊಸದಕ್ಕೆ ಕಿಟಕಿಯಿದೆ,
ಕಾಲು ತೊಳೆಯಲು ತಗ್ಗಿನಲ್ಲೊಂದು ನಲ್ಲಿ,
ಯಾರ ಮಂಡಿಯನ್ನೂ ಅರಿಯದ ನೀಲಿ ಕಾರ್ಪೆಟ್ಟು.
ಹಳೆಯದರಲ್ಲಿ ಜೆರಾಕ್ಸ್ ಯಂತ್ರ ಬಂದು ಕೂತಿತು.
ಕಳಾಕರ್ಷಣೆ ಯಾರೂ ಮಾಡಲಿಲ್ಲ.
ಮಂತ್ರವಿಲ್ಲ, ಕಲಶವಿಲ್ಲ,
ಫಲಕ ಬಿಚ್ಚಲು ಒಂದು ಸ್ಕ್ರೂಡ್ರೈವರು.

ನಮ್ಮೂರಿಗೂ ಹೀಗೆ ಚೀಟಿ ಬಂದಿತ್ತು,
ಕೃಷ್ಣೆಯ ಹಿನ್ನೀರು ಹಿತ್ತಲಿಗೆ ಬಂದ ವರ್ಷ.
ಹೊಳೆಬಸವಣ್ಣನನ್ನು ಕಲಶದ ನೀರಿಗಿಳಿಸಿ
ಟ್ರ್ಯಾಕ್ಟರಿನಲ್ಲಿ ಕೂರಿಸಿ
ಗುಡ್ಡದ ಮೇಲಿನ ಸಿಮೆಂಟಿನ ಗುಡಿಗೆ ಒಯ್ದರು.
ಶಾಸ್ತ್ರದಲ್ಲಿ ಒಂದೂ ಕಡಿಮೆಯಾಗಲಿಲ್ಲ.
ಆದರೂ ಚಿಗವ್ವ ಶಂಕ್ರವ್ವ ಸೋಮವಾರಕ್ಕೊಮ್ಮೆ
ಬಿಸಿಲಲ್ಲಿ ಮೂರು ಮೈಲಿ ಇಳಿದು
ಬರೀ ನೀರಿಗೆ ಕಾಯಿ ಒಡೆದು ಬರುತ್ತಿದ್ದಳು.
ಬೈದರೆ,
"ದೇವ್ರನ್ನ ಹೊತ್ಕೊಂಡ್ ಹೋದ್ರಿ, ಖರೆ.
ಜಾಗಾ ಎಲ್ಲಿಗ್ ಹೋಗ್ತೈತಿ?"
ಅರಳುಮರಳು ಅಂದರು ಎಲ್ಲ. ನಾನೂ ಅಂದೆ.

ಮೊನ್ನೆ ಗುರುವಾರ, ಪಾಳಿ ಮುಗಿಯುವ ಹೊತ್ತು.
ಜೆರಾಕ್ಸ್ ಯಂತ್ರದ ಮುಂದೆ ಟೋಪಿ ಕೈಯಲ್ಲಿ ಹಿಡಿದು
ನಿಂತಿದ್ದರು ಮಿಸ್ಟರ್ ಓಲ್ಡ್‌ರಾಯ್ಡ್.
ಒಂದು ಕಾಲಕ್ಕೆ ಐಸ್‌ಲ್ಯಾಂಡಿನ ತನಕ
ಮೀನಿಗೆ ಹೋಗಿ ಬಂದ ಮೈ, ಈಗ ಕೋಟಿನೊಳಗೆ ಸಡಿಲ.
"ಕೋಣೆ ಬದಲಾಗಿದೆ, ಬನ್ನಿ, ತೋರಿಸುತ್ತೇನೆ" ಎಂದೆ.
ಗೊತ್ತು ಎಂದರು. ನೋಡಿಯೂ ಬಂದಿದ್ದರಂತೆ. ಚೆನ್ನಾಗಿದೆಯಂತೆ.
"ನಾನು ದೇವರನ್ನು ನಂಬುವವನಲ್ಲ, ನೋಡಮ್ಮ.
ಆದರೆ ಐರಿಸ್ ಹೋದ ರಾತ್ರಿ
ನಾನು ಕೇಳಿಕೊಂಡದ್ದು ಇಲ್ಲಿ."
ಏನು ಕೇಳಿಕೊಂಡರೋ ಹೇಳಲಿಲ್ಲ.
ಕೊಟ್ಟನೇ ಎಂದು ಕೇಳುವ ಹಾಗೂ ಇರಲಿಲ್ಲ,
ಐರಿಸ್ ಹೋಗಿದ್ದಳಲ್ಲ.
ಯಂತ್ರದ ಅಂಚಿನ ಮೇಲೆ ಕೈಯಿಟ್ಟು ನಿಂತರು,
ಅದು ಒಳಗೊಳಗೇ ಬೆಚ್ಚಗೆ ಗುಂಯ್‌ಗುಡುತ್ತಿತ್ತು.

ಆಗ ಆಫೀಸಿನ ಹುಡುಗಿ ಬಂದಳು,
ಕಂಕುಳಲ್ಲಿ ಕಾಗದದ ಕಟ್ಟು, ಬಾಯಲ್ಲಿ ಟೋಸ್ಟು.
ನಾನು ಬಾಗಿಲಿಗೆ ಅಡ್ಡ ನಿಂತು ಸುಳ್ಳು ಹೇಳಿದೆ:
ಕಾಗದ ಸಿಕ್ಕಿಕೊಂಡಿದೆ, ಐದು ನಿಮಿಷ ಬಿಟ್ಟು ಬಾ.
ಅವಳು ಕೆಳಗೆ ನೋಡಿ ಏನೋ ಕೇಳಹೊರಟು ಸುಮ್ಮನಾದಳು.
ನಾನೂ ನೋಡಿಕೊಂಡೆ.
ಯಾವಾಗ ಬಿಚ್ಚಿದ್ದೆನೋ,
ಬೂಟು ಹೊಸ್ತಿಲಾಚೆ ಇತ್ತು.